ಓವರ್‌ಲೋಡ್ ರಿಲೇ ಪದೇ ಪದೇ ಟ್ರಿಪ್ ಆಗುವ ಬಗ್ಗೆ
ಕನ್ವೇಯರ್ ಮೋಟರ್‌ನ ಓವರ್‌ಲೋಡ್ ರಿಲೇ (ಕರೆಂಟ್ ಮಿತಿ ಮೀರಿದರೆ ಮೋಟರ್ ನಿಲ್ಲಿಸುವ ರಕ್ಷಣಾ ಸಾಧನ) ಪದೇ ಪದೇ ಟ್ರಿಪ್ ಆಗುತ್ತಿದೆ, ಮೆಕ್ಯಾನಿಕಲ್ ಕಲಿತ ನಾನು ಎಲ್ಲಿಂದ ಆರಂಭಿಸಲಿ ಎಂದು ಕೇಳಿದ್ದೀರಿ. ದಯವಿಟ್ಟು ರಿಲೇ ಸೆಟ್ಟಿಂಗ್ ಏರಿಸಿ ಸುಮ್ಮನಾಗಬೇಡಿ, ಮೋಟರ್ ಸುಟ್ಟುಹೋಗುತ್ತದೆ. ಮೊದಲು ಆ ಸೆಟ್ಟಿಂಗ್ ಮೋಟರ್‌ನ ನಾಮಫಲಕದಲ್ಲಿರುವ ಪೂರ್ಣ ಹೊರೆಯ ಕರೆಂಟ್‌ಗೆ ಹೊಂದಿದೆಯೇ ನೋಡಿ. ನಂತರ ಕ್ಲ್ಯಾಂಪ್ ಮೀಟರ್‌ನಿಂದ (ತಂತಿಯ ಸುತ್ತ ಹಿಡಿದು ಕರೆಂಟ್ ಅಳೆಯುವ ಮೀಟರ್) ಮೂರೂ ಫೇಸ್‌ಗಳ ಕರೆಂಟ್ ಅಳೆಯಿರಿ. ಮೊದಲ ಕೆಲವು ಸಲ ಅನುಭವಿ ಎಲೆಕ್ಟ್ರಿಷಿಯನ್ ಜೊತೆಗಿರಲಿ. ಒಂದು ಫೇಸ್‌ನಲ್ಲಿ ಕರೆಂಟ್ ಇಲ್ಲದಿದ್ದರೆ ಫ್ಯೂಸ್, ಸವೆದ ಕಾಂಟ್ಯಾಕ್ಟರ್ (ಮೋಟರ್‌ಗೆ ವಿದ್ಯುತ್ ಕೊಟ್ಟು ಕಡಿಯುವ ಸ್ವಿಚ್), ಸಡಿಲವಾದ ಟರ್ಮಿನಲ್ ಪರೀಕ್ಷಿಸಿ.

ಮೂರೂ ಫೇಸ್‌ಗಳಲ್ಲಿ ಕರೆಂಟ್ ಸಮನಾಗಿ ಹೆಚ್ಚಿದ್ದರೆ ಬಹುಮಟ್ಟಿಗೆ ಅದು ನಿಮಗೆ ಗೊತ್ತಿರುವ ಮೆಕ್ಯಾನಿಕಲ್ ಕೆಲಸವೇ. ವಿದ್ಯುತ್ ಕಡಿತಗೊಳಿಸಿ, ಐಸೊಲೇಟರ್‌ಗೆ (ವಿದ್ಯುತ್ ಪೂರ್ತಿ ಕಡಿಯುವ ಸ್ವಿಚ್) ನಿಮ್ಮದೇ ಬೀಗ ಹಾಕಿ, ಕಪ್ಲಿಂಗ್ ಬಿಚ್ಚಿ, ರೋಲರ್‌ಗಳನ್ನು ಒಂದೊಂದಾಗಿ ಕೈಯಿಂದ ತಿರುಗಿಸಿ. ಬಿಗಿದ ಬೇರಿಂಗ್ ಬೆರಳಿಗೇ ತಿಳಿಯುತ್ತದೆ. ಆ ಸ್ಪರ್ಶಜ್ಞಾನ ನಿಮಗೆ ಈಗಾಗಲೇ ಇದೆ, ಮೀಟರ್ ಓದುವುದನ್ನು ಅದರ ಜೊತೆಗೆ ಸೇರಿಸಿಕೊಳ್ಳಿ.