ಸಮುದ್ರದಂಚಿನ ಐದು ಊರು, ಜೊತೆಗೆ ಪೀಸಾ

ಪ್ರಶ್ನೆ: ಅಕ್ಕ, ನಮ್ದು ಚಿಕ್ಕಬಳ್ಳಾಪುರ. ಮೇನಲ್ಲಿ ಅಮ್ಮನ್ನ ಕರ್ಕೊಂಡು ಇಟಲಿಯ ಚಿಂಕ್ವೆ ತೆರ್ರೆಗೆ ಹೋಗ್ತಿದೀನಿ, ಮೂರೇ ದಿನ ಇರೋದು. ಅಮ್ಮಂಗೆ ಮಂಡಿನೋವು. ಎಲ್ಲಿ ಉಳ್ಕೊಳ್ಳೋದು, ಪೀಸಾನೂ ನೋಡ್ಬೋದಾ?

ಉತ್ತರ: ಖಂಡಿತ ನೋಡ್ಬೋದು ಕಣಮ್ಮ. ಚಿಂಕ್ವೆ ತೆರ್ರೆ ಅಂದ್ರೆ ಐದು ಊರು: ಮೊಂತೆರೊಸ್ಸೊ, ವೆರ್ನಾತ್ಸಾ, ಕೊರ್ನೀಲ್ಯ, ಮನರೋಲಾ, ರಿಯೊಮಜ್ಜೋರೆ ಐದೂ ಒಂದೇ ರೈಲು ಲೈನಲ್ಲಿವೆ, ಒಂದೂರಿಂದ ಇನ್ನೊಂದಕ್ಕೆ ಕೆಲವೇ ನಿಮಿಷ. ಮೊಂತೆರೊಸ್ಸೊದಲ್ಲೇ ರೂಮ್ ಮಾಡಿ, ಅಲ್ಲಿ ಜಾಗ ಸ್ವಲ್ಪ ಸಮತಟ್ಟು, ಬೀಚೂ ಇದೆ. ಕೊರ್ನೀಲ್ಯ ಮಾತ್ರ ಗುಡ್ಡದ ಮೇಲೆ, ಸ್ಟೇಷನ್ನಿಂದ 380ರ ಹತ್ರ ಮೆಟ್ಲು, ದಯವಿಟ್ಟು ಅಮ್ಮನ್ನ ಹತ್ತಿಸ್ಬೇಡಿ, ಸಣ್ಣ ಬಸ್ಸಿದೆ ಅದ್ರಲ್ಲಿ ಹೋಗಿ.

ಮನರೋಲಾದಲ್ಲಿ ಎಲ್ರೂ ಬಣ್ಣದ ಮನೆಗಳ ಫೋಟೊ ತೆಗೀತಾರೆ, ನೀವು ಒಂದ್ಸಲ ತಿರುಗಿ ಹಿಂದಿನ ಬೆಟ್ಟ ನೋಡಿ, ಗಾರೆ ಇಲ್ದೆ ಕಲ್ಲಿನ ಮೇಲೆ ಕಲ್ಲಿಟ್ಟು ಕಟ್ಟಿದ ಗೋಡೆಗಳು, ಒಂದೊಂದು ಪಟ್ಟೆಯಲ್ಲೂ ದ್ರಾಕ್ಷಿ ಬಳ್ಳಿ. ನಮ್ಮ ಕಡೆ ಚಪ್ಪರದ ದ್ರಾಕ್ಷಿ ತೋಟ ನೋಡ್ಕೊಂಡು ಬೆಳೆದ ನಿಮಗೆ ಆ ಕಡಿದಾದ ಜಾಗದ ಬೇಸಾಯ ಎಷ್ಟು ಕಷ್ಟ ಅಂತ ಹೇಳ್ಬೇಕಿಲ್ಲ. 1997ರಲ್ಲಿ ಈ ಊರುಗಳು ಯುನೆಸ್ಕೊ ವಿಶ್ವ ಪರಂಪರೆ ಪಟ್ಟಿಗೆ ಸೇರಿದ್ರಲ್ಲಿ ಈ ಗುಡ್ಡಗಳದ್ದೇ ದೊಡ್ಡ ಪಾಲು.

ಪೀಸಾಗೆ ಒಂದಿನ ಇಡಿ, ಹತ್ರದ ಲಾ ಸ್ಪೆಜಿಯಾ ಅನ್ನೋ ಊರಲ್ಲಿ ರೈಲು ಬದಲಾಯಿಸ್ಬೇಕಾಗ್ಬೋದು. ಅಲ್ಲಿನ ವಾಲು ಗೋಪುರ 1173ರಲ್ಲಿ ಶುರುವಾಗಿದ್ದು, ಮೆದು ಮಣ್ಣಿಗೆ ವಾಲ್ತು, 1990ರಲ್ಲಿ ಮುಚ್ಚಿ, ಎತ್ತರದ ಕಡೆ ಅಡಿಯಿಂದ ಮಣ್ಣು ತೆಗೆದು ವಾಲು ಕಮ್ಮಿ ಮಾಡಿ 2001ರಲ್ಲಿ ತೆರೆದ್ರು. ಅಮ್ಮ ಕೆಳಗಿಂದ್ಲೇ ನೋಡ್ಲಿ.

ಪೇಪರ್ ಟಿಕೆಟ್ ತಗೊಂಡ್ರೆ ಹತ್ತೋ ಮುಂಚೆ ಸ್ಟೇಷನ್ ಮಶೀನಲ್ಲಿ ಮುದ್ರೆ ಹಾಕಿಸ್ಲೇಬೇಕು, ಇಲ್ಲಾಂದ್ರೆ ದಂಡ. ಊಟಕ್ಕೆ ಫರಿನಾತಾ ಅನ್ನೋ ದೋಸೆ ಥರದ ತಿಂಡಿ ಕೇಳಿ, ಕಡ್ಲೆಹಿಟ್ಟು, ನೀರು, ಆಲಿವ್ ಎಣ್ಣೆ, ಉಪ್ಪು ಅಷ್ಟೇ, ಅಮ್ಮಂಗೆ ಹಿಡಿಸುತ್ತೆ.