ಕರೆಂಟ್ ಹೋದರೂ ಮಳೆಯ ಲೆಕ್ಕ ಉಳಿಯಬೇಕು

ಪ್ರಶ್ನೆ: ಮೂಡಿಗೆರೆ ಸಮೀಪ ನಮ್ಮದೊಂದು ಸಣ್ಣ ಕಾಫಿ ತೋಟವಿದೆ. ತಂದೆಯವರು ಪ್ರತಿದಿನ ಬೆಳಿಗ್ಗೆ ಮಳೆಯ ಲೆಕ್ಕವನ್ನು ಇಂಚು, ಸೆಂಟುಗಳಲ್ಲಿ (ಇಂಚಿನ ನೂರನೇ ಒಂದು ಭಾಗವೇ ಸೆಂಟು) ಡೈರಿಗೆ ಬರೆಯುತ್ತಾರೆ. ನಾನು ಅದನ್ನೇ ಆರ್ಡುಯಿನೊ ಯುನೊ ಎಂಬ, ನಾವೇ ಪ್ರೋಗ್ರಾಂ ಬರೆದು ನಡೆಸುವ ಸಣ್ಣ ಎಲೆಕ್ಟ್ರಾನಿಕ್ ಬೋರ್ಡಿನ ಮೂಲಕ ಹತ್ತು ನಿಮಿಷಕ್ಕೊಮ್ಮೆ ಮೆಮೊರಿ ಕಾರ್ಡಿನಲ್ಲಿ ದಾಖಲಿಸುತ್ತಿದ್ದೇನೆ. ಕಾರ್ಡಿನ ಅಡಾಪ್ಟರ್‌ಗೆ ನೇರವಾಗಿ ವೈರ್ ಬೆಸುಗೆ ಹಾಕಿದ್ದೇನೆ. 64 ಜಿಬಿ ಕಾರ್ಡನ್ನು ಬೋರ್ಡ್ ಗುರುತಿಸುವುದಿಲ್ಲ. 8 ಜಿಬಿ ಕಾರ್ಡ್ ನಡೆಯುತ್ತದೆ, ಆದರೆ ಕರೆಂಟ್ ಹೋದ ದಿನದ ಫೈಲ್ ಸೊನ್ನೆ ಬೈಟ್ ಎಂದು ತೋರಿಸುತ್ತದೆ. ಕಾರ್ಡ್ ಕೆಟ್ಟಿದೆಯೇ?
— ಓದುಗರೊಬ್ಬರು, ಚಿಕ್ಕಮಗಳೂರು ಜಿಲ್ಲೆ

ಉತ್ತರ: ನಿಮ್ಮ ವಿವರಣೆಯನ್ನು ನೋಡಿದರೆ ಕಾರ್ಡ್ ಕೆಟ್ಟಿರುವ ಸಾಧ್ಯತೆ ಕಡಿಮೆ. 32 ಜಿಬಿಗಿಂತ ದೊಡ್ಡ ಕಾರ್ಡುಗಳು ಸಾಮಾನ್ಯವಾಗಿ ಎಕ್ಸ್‌ಫ್ಯಾಟ್ ಎಂಬ ಕ್ರಮದಲ್ಲಿ ಫಾರ್ಮ್ಯಾಟ್ ಆಗಿ ಬರುತ್ತವೆ. ಆರ್ಡುಯಿನೊದ ಎಸ್‌ಡಿ ಲೈಬ್ರರಿಗೆ (ಕಾರ್ಡನ್ನು ಓದಿ ಬರೆಯಲು ಬಳಸುವ ಸಿದ್ಧ ಪ್ರೋಗ್ರಾಂ) ತಿಳಿದಿರುವುದು ಫ್ಯಾಟ್16 ಮತ್ತು ಫ್ಯಾಟ್32 ಮಾತ್ರ. ಅಷ್ಟು ದೊಡ್ಡ ಕಾರ್ಡು ನಿಮಗೆ ಬೇಕಾಗಿಯೂ ಇಲ್ಲ. ಒಂದು ಸಾಲಿಗೆ 30 ಬೈಟ್ ಎಂದುಕೊಂಡರೆ ದಿನಕ್ಕೆ 144 ಸಾಲು, ವರ್ಷಕ್ಕೆ ಸುಮಾರು 16 ಲಕ್ಷ ಬೈಟ್, ಅಂದರೆ ಎರಡು ಎಂಬಿಯೂ ತುಂಬುವುದಿಲ್ಲ. ಹಾಗೆಂದು ಕಾರ್ಡನ್ನೇ ಬಿಡುವಂತೆಯೂ ಇಲ್ಲ. ಯುನೊದ ಚಿಪ್‌ನೊಳಗಿನ ಕರೆಂಟ್ ಹೋದರೂ ಅಳಿಯದ ಸಣ್ಣ ಮೆಮೊರಿಯಾದ ಇಇಪ್ರಾಮ್‌ನಲ್ಲಿರುವುದು 1024 ಬೈಟ್, ಅದು ಆರು ಗಂಟೆಯೊಳಗೆ ತುಂಬಿಹೋಗುತ್ತದೆ.

ಸೊನ್ನೆ ಬೈಟ್‌ನ ವಿಷಯವೇ ಮುಖ್ಯವಾದದ್ದು. ನಿಮ್ಮ ಪ್ರೋಗ್ರಾಂ ಬರೆದ ಸಾಲು ಆ ಕ್ಷಣವೇ ಕಾರ್ಡಿಗೆ ಹೋಗುವುದಿಲ್ಲ. ಅದು ಮೊದಲು ಬೋರ್ಡಿನ ರ‍್ಯಾಮ್‌ನಲ್ಲಿರುವ 512 ಬೈಟ್‌ಗಳ ತಾತ್ಕಾಲಿಕ ಜಾಗದಲ್ಲಿ, ಅಂದರೆ ಬಫರ್‌ನಲ್ಲಿ ಕೂರುತ್ತದೆ, ಬಫರ್ ತುಂಬಿದ ಮೇಲೆ ಕಾರ್ಡಿಗೆ ಇಳಿಯುತ್ತದೆ. ಹಾಗೆ ಇಳಿದ ಮೇಲೂ ಫೈಲಿನ ಉದ್ದ ಎಷ್ಟು ಎಂಬುದು ಕಾರ್ಡಿನ ಡೈರೆಕ್ಟರಿಯಲ್ಲಿ ದಾಖಲಾಗುವುದು ಫ್ಲಶ್ (ಬಫರ್‌ನಲ್ಲಿರುವುದನ್ನು ಕೂಡಲೇ ಕಾರ್ಡಿಗೆ ಬರೆಸುವ ಆದೇಶ) ಅಥವಾ ಕ್ಲೋಸ್ ಮಾಡಿದಾಗ ಮಾತ್ರ. ಫೈಲನ್ನು ದಿನವಿಡೀ ತೆರೆದೇ ಇಟ್ಟಿದ್ದು, ನಡುವೆ ಕರೆಂಟ್ ಹೋದರೆ, ಮಾಹಿತಿಯ ಬಹುಭಾಗ ಕಾರ್ಡಿನಲ್ಲಿದ್ದರೂ ಉದ್ದದ ಜಾಗದಲ್ಲಿ ಸೊನ್ನೆಯೇ ಉಳಿದಿರುತ್ತದೆ. ಕಾಫಿ ಹೂ ಅರಳಿಸುವ ಹೂಮಳೆ ಬರುವುದು ಗುಡುಗು ಸಿಡಿಲಿನ ಜೊತೆಗೆ, ನಮ್ಮ ಕಡೆ ಕರೆಂಟ್ ಹೋಗುವುದೂ ಆ ಹೊತ್ತಿಗೇ. ಹಾಗಾಗಿ ತೋಟಕ್ಕೆ ಅತ್ಯಂತ ಬೇಕಾದ ದಿನದ ಲೆಕ್ಕವೇ ಕಳೆದುಹೋಗುತ್ತದೆ. ಪ್ರತಿ ಸಾಲು ಬರೆದ ಕೂಡಲೇ ಫ್ಲಶ್ ಮಾಡಿ. ಸೆಕೆಂಡಿಗೆ ನೂರು ಸಲ ಬರೆಯುವವರು ಇದಕ್ಕೆ ಹಿಂಜರಿಯಬೇಕು, ಹತ್ತು ನಿಮಿಷಕ್ಕೊಮ್ಮೆ ಬರೆಯುವ ನೀವು ಹಿಂಜರಿಯಬೇಕಾಗಿಲ್ಲ.

ಅಡಾಪ್ಟರ್‌ಗೆ ನೇರವಾಗಿ ವೈರ್ ಬೆಸುಗೆ ಹಾಕಿದ್ದೇನೆ ಎಂಬ ಮಾತು ನನಗೆ ಆತಂಕ ತಂದಿದೆ. ಕಾರ್ಡ್ ಕೆಲಸ ಮಾಡುವುದು 2.7ರಿಂದ 3.6 ವೋಲ್ಟ್‌ನಲ್ಲಿ, ಯುನೊದ ಪಿನ್‌ಗಳು ಕೊಡುವುದು 5 ವೋಲ್ಟ್. ಇಷ್ಟು ದಿನ ನಡೆದಿದ್ದರೂ ಇದನ್ನು ಮುಂದುವರಿಸಬೇಡಿ. ಬೋರ್ಡಿನಿಂದ ಕಾರ್ಡಿಗೆ ಹೋಗುವ 10, 11 ಮತ್ತು 13ನೇ ಪಿನ್‌ಗಳ ವೈರ್‌ಗಳಲ್ಲಿ ಒಂದೊಂದಕ್ಕೂ 1 ಕಿಲೋಓಮ್ ರೆಸಿಸ್ಟರನ್ನು ಸರಣಿಯಲ್ಲಿ ಹಾಕಿ, ಕಾರ್ಡಿನ ಬದಿಯಿಂದ ಗ್ರೌಂಡ್‌ಗೆ 2 ಕಿಲೋಓಮ್ ರೆಸಿಸ್ಟರ್ ಜೋಡಿಸಿದರೆ 5 ವೋಲ್ಟ್ ಸುಮಾರು 3.3ಕ್ಕೆ ಇಳಿಯುತ್ತದೆ. ಕಾರ್ಡಿನಿಂದ 12ನೇ ಪಿನ್‌ಗೆ ಬರುವ ವೈರ್‌ಗೆ ಇದು ಬೇಡ. ಬೋರ್ಡಿನ 3.3 ವೋಲ್ಟ್ ಪಿನ್‌ನಿಂದ ಪಡೆಯಬಹುದಾದದ್ದು 50 ಮಿಲಿಆಂಪಿಯರ್ ಮಾತ್ರ, ಆದರೆ ಬರೆಯುವಾಗ ಕಾರ್ಡ್ 100 ಮಿಲಿಆಂಪಿಯರ್‌ವರೆಗೂ ಎಳೆಯಬಹುದು. ಆದ್ದರಿಂದ ಕಾರ್ಡಿಗೆ ಪ್ರತ್ಯೇಕ 3.3 ವೋಲ್ಟ್ ರೆಗ್ಯುಲೇಟರ್ ಕೊಟ್ಟು, ಅಡಾಪ್ಟರ್‌ನ ಪಕ್ಕದಲ್ಲೇ 10 ಮೈಕ್ರೋಫ್ಯಾರಡ್ ಕೆಪಾಸಿಟರ್ ಹಾಕಿ.

ಫೈಲಿನ ಹೆಸರು ಚುಕ್ಕೆಗೆ ಮೊದಲು ಎಂಟು, ಚುಕ್ಕೆಯ ನಂತರ ಮೂರು ಅಕ್ಷರ ಮೀರದಿರಲಿ. ಕಾರ್ಡ್ ತೆಗೆಯುವುದಕ್ಕೆ ಒಂದು ಬಟನ್ ಇಟ್ಟುಕೊಳ್ಳಿ. ಅದನ್ನು ಒತ್ತಿದಾಗ ಪ್ರೋಗ್ರಾಂ ಫೈಲನ್ನು ಕ್ಲೋಸ್ ಮಾಡಿ ಎಲ್‌ಇಡಿ ಬೆಳಗಿಸಲಿ, ಆಮೇಲೆ ವಿದ್ಯುತ್ ಆರಿಸಿ ಕಾರ್ಡನ್ನು ಹೊರಗೆಳೆಯಿರಿ. ಒಂದು ಮಳೆಗಾಲವಾದರೂ ತಂದೆಯವರ ಡೈರಿ ನಿಲ್ಲದಿರಲಿ: ಒಂದು ಸೆಂಟು ಎಂದರೆ 0.254 ಮಿಲಿಮೀಟರ್, ಈ ಲೆಕ್ಕದಿಂದ ದಿನದ ಮೊತ್ತವನ್ನು ತಾಳೆ ನೋಡಿದರೆ ಯಾವ ದಿನದ ಸಾಲುಗಳು ತಪ್ಪಿಹೋಗಿವೆ ಎಂಬುದು ಕೂಡಲೇ ಗೊತ್ತಾಗುತ್ತದೆ.