ರೋಗಕ್ಕೂ ಪಾರ್ಟಿ ಇರುತ್ತಾ?

ಪ್ರಶ್ನೆ: ಸರ್, ನಮ್ಮದು ದಾವಣಗೆರೆಯಲ್ಲಿ ಮಂಡಕ್ಕಿ ಭಟ್ಟಿ. ಕೊರೊನಾದಲ್ಲಿ ಭಟ್ಟಿ ಮುಚ್ಚಿದಾಗ ಸರ್ಕಾರವನ್ನು ಬೈದುಕೊಂಡು ಮನೆಯಲ್ಲಿ ಕೂತೆವು. ಅಮೆರಿಕದ ಮಿಶಿಗನ್‌ನಲ್ಲಿ ಮಾತ್ರ ಬಂದೂಕು ಹಿಡಿದು ಶಾಸನಸಭೆಗೇ ನುಗ್ಗಿದರು ಅಂತ ಅಲ್ಲಿರುವ ಮಗಳು ಹೇಳಿದಳು. ರೋಗಕ್ಕೂ ಪಾರ್ಟಿ ಇರುತ್ತಾ?

ಉತ್ತರ: ರೋಗಕ್ಕಿಲ್ಲ, ಬೀಗ ಹಾಕಿಸುವವರಿಗೆ ಇರುತ್ತೆ! ನಮ್ಮಲ್ಲಿ 2020ರ ಮಾರ್ಚ್ 25ರ ಲಾಕ್‌ಡೌನ್ ದೆಹಲಿಯಿಂದಲೇ ಬಂತು. ಅಲ್ಲಿ ಆ ಅಧಿಕಾರ ಆಯಾ ರಾಜ್ಯದ ಗವರ್ನರ್‌ದು. ನಮ್ಮ ರಾಜ್ಯಪಾಲರ ಹಾಗಲ್ಲ, ಜನರೇ ಓಟು ಹಾಕಿ ಆರಿಸಿದವರು. ಮಿಶಿಗನ್‌ಗೆ ಬೀಗ ಹಾಕಿಸಿದ ಗವರ್ನರ್ ಗ್ರೆಚೆನ್ ವಿಟ್ಮರ್ ಡೆಮಾಕ್ರಟಿಕ್ ಪಕ್ಷ, ಶಾಸನಸಭೆಯಲ್ಲಿ ಆಗ ಬಹುಮತ ರಿಪಬ್ಲಿಕನ್ನರದಿತ್ತು. ಆಗ ಅಧ್ಯಕ್ಷರಾಗಿದ್ದ ಟ್ರಂಪ್ ಕೂಡ ರಿಪಬ್ಲಿಕನ್. ಆ ನವೆಂಬರ್‌ನಲ್ಲಿ ಅಧ್ಯಕ್ಷರ ಚುನಾವಣೆ ಬೇರೆ ಇತ್ತು. ಏಪ್ರಿಲ್ 17ರಂದು ಟ್ರಂಪ್ 'ಮಿಶಿಗನ್‌ಗೆ ಬಿಡುಗಡೆ ಕೊಡಿ' ಅಂತ ಟ್ವೀಟ್ ಮಾಡಿದರು. ಏಪ್ರಿಲ್ 30ಕ್ಕೆ ನಿಮ್ಮ ಮಗಳು ಹೇಳಿದ ಘಟನೆ. ಅಂದಹಾಗೆ, ಆ ಕಟ್ಟಡದೊಳಗೆ ಬಂದೂಕು ಒಯ್ಯೋದಕ್ಕೆ ಆಗ ಕಾನೂನಿನ ಅಡ್ಡಿಯೇ ಇರಲಿಲ್ಲ!

ಮಾಸ್ಕಿನದೂ ಅದೇ ಕಥೆ. ಬಟ್ಟೆ ಮಾಸ್ಕ್ ಹಾಕಿಕೊಳ್ಳಿ ಎಂಬ ಸಲಹೆಯನ್ನು ಏಪ್ರಿಲ್ 3ರಂದು ಪ್ರಕಟಿಸಿದ ಟ್ರಂಪ್, ತಾವು ಮಾತ್ರ ಹಾಕಲ್ಲ ಅಂದರು. ಅಲ್ಲಿಗೆ ಮುಖ ನೋಡಿ ಪಕ್ಷ ಹೇಳುವ ಕಾಲ ಬಂತು.

ಹಾಗಂತ ಜನರ ಸಿಟ್ಟೆಲ್ಲ ಸುಮ್ನೆ ಅಲ್ಲ. ಕೆಲಸ ಕಳೆದುಕೊಂಡವರಿಗೆ ವಾರಕ್ಕೆ ಹೆಚ್ಚುವರಿಯಾಗಿ ಸಿಗುತ್ತಿದ್ದ 600 ಡಾಲರ್ ಜುಲೈ ಕೊನೆಗೆ ನಿಂತಿತು. ಮುಂದಿನ ದೊಡ್ಡ ಪರಿಹಾರ ಮಸೂದೆ ಪಾಸಾಗಿದ್ದು ಡಿಸೆಂಬರ್‌ನಲ್ಲಿ. ಅಲ್ಲಿಯವರೆಗೆ ಎರಡೂ ಪಕ್ಷಗಳ ಚೌಕಾಸಿ. ನನ್ನ ಪ್ರಕಾರ ಬಂದೂಕಿನ ಫೋಟೋಗಿಂತ ಇದಕ್ಕೇ ಜಾಸ್ತಿ ಬೈಯಬೇಕಿತ್ತು.